ಎತ್ತಬೇಡಿ

“ಎತ್ತಬೇಡಿ! ಹಾಗೇ ಬಿಡಿ ಅದನ್ನ.”

ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ, ತನ್ನ ನಾಯಿ ಸೂಜಿ ಆಗತಾನೆ ಮಾಡಿದ ಹೊಲಸನ್ನು ಎತ್ತಲು ಬಗ್ಗಿದ್ದ ಟೈಲರಮ್ಮ ಬೆಚ್ಚಿ ನೆಟ್ಟಗಾದಳು. ಹತ್ತು ಹೆಜ್ಜೆ ಆಚೆ, ಬೆಳಗಿನ ಮಂಜಿನಲ್ಲಿ, ಕಾಡಿನ ಗಾರ್ಡ್ ಮರಕ್ಕೆ ಒರಗಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಗಾಳಿ ಬೀಸಿದರೂ ಬೊಗಳುವ ಸೂಜಿ ಅವನನ್ನು ಕಂಡು ತುಟಿಪಿಟಕ್ ಅಂದಿರಲಿಲ್ಲ.

ಅವಳಿಗೆ ನಗು ಬಂತು. ನಾಲ್ಕು ವರ್ಷದಿಂದ ಇದೇ ದಾರಿಯಲ್ಲಿ ನಾಯಿ ತಿರುಗಿಸಿದರೂ ಒಂದು ದಿನ ಬಗ್ಗಿ ಎತ್ತಿದವಳಲ್ಲ. ಯಾರಾದರೂ ಕೇಳಿದರೆ, “ನರಿ, ಮೊಲ, ಮುಳ್ಳುಹಂದಿ ಎಲ್ಲಾ ಇಲ್ಲೇ ತಾನೇ ಹೋಗೋದು? ಅವುಗಳ ಹಿಂದೆ ಯಾರು ಚೀಲ ಹಿಡ್ಕೊಂಡು ಓಡ್ತಾರೆ?” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆದರೆ ಹೋದ ವಾರ, ಇಲ್ಲಿ ಎಲೆರಾಶಿಯಲ್ಲಿ ಆಡಿಕೊಂಡಿರುತ್ತಿದ್ದ ತಂಗಿಯ ಮಗಳ ಒಂದು ಕಣ್ಣು ಮಂಜಾಯಿತು. ನಾಯಿ ಹೊಲಸಿನಿಂದ ಬರುವ ಹುಳು ಎಂದರು ಡಾಕ್ಟರು. “ಯಾರ ನಾಯಿದೋ ಏನೋ, ಅಕ್ಕ,” ಎಂದಿದ್ದಳು ತಂಗಿ, ಅವಳ ಮುಖ ನೋಡದೆ. ಇವತ್ತು ಮೊದಲ ಸಲ ಟೈಲರಮ್ಮ ಜೇಬಿನಲ್ಲಿ ಚೀಲ ಇಟ್ಟುಕೊಂಡು ಬಂದಿದ್ದಳು.

“ಏನು ಗಾರ್ಡಣ್ಣ, ಎತ್ತದಿದ್ರೆ ಬೈತೀರಿ ಅಂತ ಎತ್ತೋಕೆ ಹೋದ್ರೆ, ಅದಕ್ಕೂ ಬೈತೀರಲ್ಲ! ನಾಯಿ ಹೊಲಸು ಎತ್ತಿ ಅಂತ ದಾರೀಲಿ ಬೋರ್ಡ್ ಹಾಕ್ಸಿದೋರು ನೀವೇ ತಾನೇ?”

“ಬೋರ್ಡ್ ಆಫೀಸಿನೋರದು. ನನ್ನದಲ್ಲ.”

ಅವನು ಬಂದು ಕುಕ್ಕರಗಾಲಲ್ಲಿ ಕುಳಿತ. ಹೆಗಲ ಚೀಲದಿಂದ ಚಮಚ, ಮುಚ್ಚಳದ ಡಬ್ಬಿ ತೆಗೆದು, ಅಂಟಿದ ಎಲೆಯ ಸಮೇತ ಒಂದಿಷ್ಟೂ ಬಿಡದೆ ತುಂಬಿಕೊಂಡ. ಮುಚ್ಚಳದ ಮೇಲೆ ಪೆನ್ಸಿಲಿನಿಂದ ತಾರೀಖು ಬರೆದ. ಅದರ ಕೆಳಗೆ ಬರೆದದ್ದನ್ನು ಅವಳು ಬಗ್ಗಿ ಓದಿದಳು: ಸೂಜಿ.

“ಇದನ್ನ ಏನ್ ಮಾಡ್ತೀರಿ?”

“ತೊಳೆದು ಸೋಸ್ತೀನಿ. ಇಲ್ಲಿಗೆ ಬರೋ ಎಲ್ಲಾ ನಾಯಿಗಳದ್ದೂ. ಹುಡುಕ್ತೀನಿ.”

“ಏನನ್ನ?”

“ನನ್ನ ಹೆಂಡತಿನ,” ಎಂದ ಗಾರ್ಡ್.

ಮೂರು ವರ್ಷದ ಹಿಂದೆ ಅವನ ಹೆಂಡತಿ ಸೌದೆಗೆಂದು ಕಾಡಿಗೆ ಹೋದವಳು ತಿರುಗಿ ಬರಲಿಲ್ಲ. ಒಂದು ವಾರ ಹುಡುಕಿದರು. ಆಮೇಲೆ, ಅದೇ ದಿನ ಊರು ಬಿಟ್ಟ ಲಾರಿ ಡ್ರೈವರ್ ಒಬ್ಬನ ಹೆಸರನ್ನು ಅವಳ ಹೆಸರಿಗೆ ಯಾರೋ ಗಂಟು ಹಾಕಿದರು. ಆ ಮಾತು ಟೈಲರಮ್ಮನ ಅಂಗಡಿಯಲ್ಲೂ ಬಂದಿತ್ತು. “ಓಡಿಹೋಗಿರ್ತಾಳೆ ಬಿಡಿ,” ಎಂದು ಅವಳೂ ಮಿಷನ್ ತುಳಿಯುತ್ತಲೇ ಹೇಳಿದ್ದಳು.

“ಮನುಷ್ಯರು ಹೋಗದ ಕಡೆ ನಾಯಿ ಹೋಗುತ್ತೆ, ಟೈಲರಮ್ಮ. ಸಿಕ್ಕಿದ್ದಕ್ಕೆಲ್ಲಾ ಬಾಯಿ ಹಾಕುತ್ತೆ.” ಅವನು ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಅವಳ ಮುಂದೆ ತೆರೆದ. “ಇದು ನಿನ್ನೆ ಸೂಜಿ ಮಾಡಿದ್ದರಲ್ಲಿ ಸಿಕ್ತು. ನಿಮಗೆ ಗುರುತು ಸಿಗಬಹುದು ಅಂತ ಕಾಯ್ತಾ ನಿಂತಿದ್ದೆ.”

ಹತ್ತಿಯ ಮೇಲೆ ಕಂದು ಬಣ್ಣದ ಕೋಟಿನ ಗುಂಡಿ. ಹಿಂದೆ ಉಗುರಿನಷ್ಟು ಬಟ್ಟೆ ಇನ್ನೂ ಕಚ್ಚಿಕೊಂಡಿತ್ತು. ನಾಲ್ಕು ತೂತಿನಲ್ಲೂ ಕೆಂಪು ದಾರ.

ಟೈಲರಮ್ಮ ಗುಂಡಿಯನ್ನು ಹೊರಳಿಸಿ ನೋಡಿದಳು. ಗಾರ್ಡ್‌ನ ಹೆಂಡತಿ ಕೋಟು ತಂದ ದಿನ ಅಂಗಡಿಯಲ್ಲಿ ಕಂದು ದಾರ ಮುಗಿದಿತ್ತು. “ಕೆಂಪಾದ್ರೆ ಕೆಂಪೇ ಹಾಕಿ ಅಕ್ಕ, ನನ್ನ ಗುಂಡಿ ಯಾರು ನೋಡ್ತಾರೆ?” ಎಂದು ಅವಸರ ಮಾಡಿದ್ದಳು ಅವಳು. ಬುಡಕ್ಕೆ ಮೂರು ಸುತ್ತು ಸುತ್ತಿ ಪಕ್ಕದಲ್ಲಿ ಗಂಟು ಹಾಕುವುದು ಟೈಲರಮ್ಮನ ಕೈಯ ಅಭ್ಯಾಸ. ಆ ಗಂಟು ಹಾಗೇ ಇತ್ತು.

ಗೊತ್ತಿಲ್ಲ ಎಂದುಬಿಡಬಹುದಿತ್ತು. ಗಾರ್ಡ್ ಗುಂಡಿಯನ್ನು ನೋಡುತ್ತಿರಲಿಲ್ಲ, ಅವಳ ಬಾಯನ್ನೇ ನೋಡುತ್ತಿದ್ದ.

“ಅವಳದೇ, ಅಣ್ಣ. ನಾನೇ ಹಾಕಿದ ಗುಂಡಿ.”

ಅವನು ಕುಸಿದುಬೀಳುತ್ತಾನೆ ಎಂದುಕೊಂಡಳು. ಅವನ ಮುಖ ಅರಳಿತು. “ಬಿಟ್ಟು ಹೋಗಿರ್ಲಿಲ್ಲ ಹಾಗಾದ್ರೆ,” ಎಂದ, ಮೆಲ್ಲಗೆ. “ಇಲ್ಲೇ ಇದ್ಲು. ಇಷ್ಟು ದಿನಾನೂ ಇಲ್ಲೇ ಇದ್ಲು.” ಆ ಗುಂಡಿಗಿಂತ ಆ ಸಂತೋಷವನ್ನು ಕಂಡೇ ಅವಳಿಗೆ ಹೆಚ್ಚು ಚಳಿ ಹತ್ತಿತು.

“ಸೂಜಿಯ ಹಗ್ಗ ಬಿಚ್ಚಿ, ಟೈಲರಮ್ಮ.”

“ಬೇಡ ಅಣ್ಣ. ಪೊಲೀಸಿನೋರನ್ನ ಕರೆಯೋಣ.”

“ಕರೆಯೋಣ. ಮೊದಲು ನಾನು ನೋಡ್ತೀನಿ.”

ದಿನವೂ ಹಗ್ಗ ಬಿಚ್ಚಿದೊಡನೆ ಸೂಜಿ ಕಾಲು ಗಂಟೆ ಮಾಯವಾಗುತ್ತಿತ್ತು. ಎಲ್ಲಿಗೆ ಎಂದು ಅವಳು ಕೇಳಿಕೊಂಡೇ ಇರಲಿಲ್ಲ. ಈಗ ಅವಳು ಹಗ್ಗ ಬಿಚ್ಚಿದಾಗ ಅದು ಕಾಲುದಾರಿ ಬಿಟ್ಟು ಮುಳ್ಳುಪೊದೆಯ ಕೆಳಗೆ ನುಸುಳಿತು. ಎಲ್ಲೂ ಮೂಸಲಿಲ್ಲ, ತಡೆಯಲಿಲ್ಲ. ನೆರೆಮನೆಗೆ ಹೊರಟಷ್ಟು ಸಲೀಸಾಗಿ ನಡೆಯಿತು. ಇಬ್ಬರೂ ಕೈಕಾಲು ತರಚಿಕೊಳ್ಳುತ್ತ ಹಿಂದೆ ಬಿದ್ದರು. ಇಳಿಜಾರಿನ ಕೆಳಗೆ, ಬುಡಮೇಲಾಗಿ ಬಿದ್ದ ದೊಡ್ಡ ಮರ. ಅದರ ಬೇರುಗಳ ಅಡಿಯಲ್ಲಿ ಒಂದು ಪೊಟರೆ, ಒಳಗೆಲ್ಲ ಒಣಗಿದ ಎಲೆ, ಕತ್ತಲೆ.

ಗಾರ್ಡ್ ಅಲ್ಲೇ ನಿಂತ. ಟೈಲರಮ್ಮ ಅವನ ತೋಳು ಹಿಡಿದುಕೊಂಡಳು.

ಸೂಜಿ ಬೊಗಳಲಿಲ್ಲ, ಕೆದರಲಿಲ್ಲ. ಪೊಟರೆಯ ಬಾಯಲ್ಲಿ ಕುಳಿತು, ಬಾಲ ಆಡಿಸುತ್ತ, ಟೈಲರಮ್ಮ ಎಂದೂ ಕಲಿಸದಿದ್ದರೂ, ಬಲ ಮುಂಗಾಲನ್ನು ಎತ್ತಿ ಕತ್ತಲೆಗೆ ಚಾಚಿತು. ಯಾರೋ ಅದನ್ನು ಹಿಡಿದು ಕುಲುಕುವವರೆಗೂ ಇಳಿಸುವುದಿಲ್ಲ ಎಂಬಂತೆ.