ಹನ್ನೊಂದೂವರೆಗೆ ಹೋದರೆ ಕೆಲಸ ಗ್ಯಾರಂಟಿ

ಇದು ನಡೆದದ್ದೇ. ಇದರಲ್ಲಿ ಒಂದು ಮಾತು ಸುಳ್ಳಾಗಿದ್ದರೆ, ಉಪ್ಪು ಯಾವುದು ಸಕ್ಕರೆ ಯಾವುದು ಅಂತ ನಾಳೆಯಿಂದ ನನ್ನ ನಾಲಿಗೆಗೆ ಗೊತ್ತಾಗದೆ ಹೋಗಲಿ. ಕೂತುಕೊಳ್ಳಿ, ಬೆಂಚು ಗಟ್ಟಿಯಾಗಿದೆ. ಸೆಖೆ ಅಂತ ನೀವು ಅಂಗಿಯ ತೋಳು ಮಡಚಿಕೊಂಡರೆ ಮಡಚಿಕೊಳ್ಳಿ, ನನಗೆ ಆ ಅಭ್ಯಾಸವಿಲ್ಲ.

ಕೆಂಡಕ್ಕ ಕಾರ್ಖಾನೆಯ ಬಾಗಿಲನ್ನು ಒದ್ದುಕೊಂಡೇ ಹೊರಗೆ ಬಂದಳು. ಸಿಟ್ಟು ಬಂದರೆ ಅವಳ ಪಕ್ಕ ನಿಂತವರ ಕೈಯಲ್ಲಿ ಆರಿಹೋದ ಚಹಾ ಮತ್ತೆ ಹೊಗೆಯಾಡುತ್ತಿತ್ತು. ಅದಕ್ಕೇ ಆ ಹೆಸರು.

ಅದು ರಟ್ಟಿನ ಡಬ್ಬ ಮಾಡುವ ಕಾರ್ಖಾನೆ. ಒಳಗೆ ಇನ್ನೂರು ಜನ ಉಣ್ಣುವ ಕ್ಯಾಂಟೀನು. 'ಅಡುಗೆಯವರು ಬೇಕು. ಬೆಳಗ್ಗೆ ಆರರಿಂದ ಹನ್ನೆರಡರೊಳಗೆ ಯಾವಾಗ ಬೇಕಾದರೂ ಮಾಲೀಕರನ್ನು ಕಾಣಿರಿ' ಎಂದು ಗೇಟಿಗೆ ಬೋರ್ಡು ತಗುಲಿಹಾಕಿದ್ದರು. ಕೆಂಡಕ್ಕ ಕಂಡಳು. ಎರಡು ನಿಮಿಷವೂ ಆಗಲಿಲ್ಲ.

"ನಿನ್ನಂಥವಳ ಕೈಯಡುಗೆ ತಿಂದು ಸಾಯೋಕೆ ನನಗೇನು ಹುಚ್ಚಾ? ನಡಿ ಆಚೆ!" ಎಂದು ಮಾಲೀಕ ಕಿರುಚಿದ್ದ. ಅವನ ಒಂದು ಕೈ ಮೇಜು ಗುದ್ದುತ್ತಿತ್ತು, ಇನ್ನೊಂದು ಹೊಟ್ಟೆ ಹಿಡಿದಿತ್ತು.

ಗೇಟಿನ ಪಕ್ಕದ ಬೆಂಚಿನ ಮೇಲೆ ಒಬ್ಬ ಅಜ್ಜ. ಉರಿಬಿಸಿಲಲ್ಲೂ ತುಂಬು ತೋಳಿನ ಅಂಗಿ, ಮಣಿಕಟ್ಟಿನವರೆಗೂ ಗುಂಡಿ. ಹನ್ನೊಂದೂವರೆಗೆ ಒಳಗೆ ಹೋಗು ಅಂತ ಹೇಳಿದ್ದೇ ಅವನು.

"ಆಗ್ಲಿಲ್ವಾ ಮಗಳೇ?"

"ಆಗೋದೇನು, ಕಚ್ಚೋಕೇ ಬಂದ! ನಿನ್ನ ಮಾತು ಕೇಳಿ ಹೋದೆ ನೋಡು ಅಜ್ಜಾ, ನನಗೆ ಬುದ್ಧಿ ಇಲ್ಲ."

"ಇವತ್ತು ಏನೋ ಆಗಿರಬೇಕು. ಗುರುವಾರ ಬಾ. ಅದೇ ಹನ್ನೊಂದೂವರೆಗೆ. ಬೆಳಗ್ಗೆ ಅವನ ಮುಖ ನೋಡೋ ಹಾಗಿಲ್ಲ, ಹಸಿದ ಹುಲಿ. ಹನ್ನೊಂದಕ್ಕೆ ತಿಂಡಿ ತಿಂತಾನೆ. ಹೊಟ್ಟೆ ತುಂಬಿದ ಮೇಲೆ ಎಂಥವನೂ ಮೆತ್ತಗಾಗ್ತಾನೆ ತಾನೇ?"

ಲೆಕ್ಕ ಸರಿಯಾಗಿಯೇ ಇತ್ತು. ಕೆಂಡಕ್ಕ ತಲೆಯಾಡಿಸಿದಳು.

ಮನೆಯಲ್ಲಿ ಭಾವ ಕಾಯುತ್ತಿದ್ದ. ಆಸ್ಪತ್ರೆಯ ಅಡುಗೆಮನೆ ಮುಚ್ಚಿ ಕೆಲಸ ಹೋದಾಗಿನಿಂದ ಅವಳು ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿದ್ದಳು.

"ಶನಿವಾರಕ್ಕೆ ರೂಮು ಖಾಲಿಯಾಗಬೇಕು ಕಣಮ್ಮ," ಎಂದ. "ನಾದಿನಿ ಅಂತ ಎಷ್ಟು ದಿನ ನೋಡ್ಲಿ?"

"ಮಾಡಿ ಹಾಕಿದ್ದೆಲ್ಲ ಎರಡೆರಡು ಸಲ ಬಡಿಸ್ಕೊಂಡು ತಿಂದ್ರಲ್ಲ ಭಾವ, ಆಗ ನಾದಿನಿ ಅಂತ ನೆನಪಿರ್ಲಿಲ್ವಾ?"

ಅಕ್ಕ ಇಬ್ಬರನ್ನೂ ನೋಡದೆ ಪಾತ್ರೆ ಉಜ್ಜಿದಳು. ಆ ಪಾತ್ರೆ ಅದಾಗಲೇ ಫಳಫಳ ಹೊಳೆಯುತ್ತಿತ್ತು.

ಗುರುವಾರ ಹನ್ನೊಂದೂವರೆಗೆ ಮಾಲೀಕನ ಮುಖ ಮೊದಲ ಸಲಕ್ಕಿಂತಲೂ ಕೆಂಪಗಿತ್ತು. ಮೇಜಿನ ಮೇಲೆ ಖಾಲಿಯಾದ ನೀರಿನ ಲೋಟಗಳು ನಾಲ್ಕು. ಅವನು ತೇಗಿದರೆ ಕಿಟಕಿಯ ಗಾಜು ಬೆವರುತ್ತಿತ್ತು. ಇವಳು "ನಮಸ್ಕಾರ" ಎನ್ನುವಷ್ಟರಲ್ಲಿ ಲೋಟವೊಂದು ಅವಳ ಕಿವಿ ದಾಟಿ ಹೋಗಿ ಗೋಡೆಗೆ ಬಡಿಯಿತು.

ಆ ಸಲ ಕೆಂಡಕ್ಕ ಬೆಂಚಿನ ಹತ್ತಿರ ನಿಲ್ಲಲೂ ಇಲ್ಲ. "ಸೋಮವಾರ ಬಾ ಮಗಳೇ, ಹನ್ನೊಂದೂವರೆಗೆ..." ಎಂದು ಅಜ್ಜ ಹಿಂದಿನಿಂದ ಕೂಗುತ್ತಿದ್ದ. ಸೋಮವಾರ! ಶನಿವಾರಕ್ಕೆ ಅವಳ ಹಾಸಿಗೆ ಬೀದಿಗೆ ಬೀಳುವುದಿತ್ತು.

ಸಿಟ್ಟಿಗೆ ನಿದ್ದೆ ಹತ್ತಲಿಲ್ಲ. ಬೆಳಗಾದದ್ದೇ ಎದ್ದು ಹೊರಟಳು. ಕೆಲಸ ಕೇಳುವುದಕ್ಕಲ್ಲ, ಕೆಲಸ ಹಾಳಾಗಿ ಹೋಗಲಿ, ಆ ಮನುಷ್ಯನಿಗೆ ಬಾಯ್ತುಂಬ ಬೈದು ಬರುವುದಕ್ಕೆ. ಗೇಟು ಮುಟ್ಟಿದಾಗ ಆರೂವರೆ. ಬೆಂಚು ಖಾಲಿ ಇತ್ತು.

ಬೈದಳು. ಹತ್ತು ನಿಮಿಷ ಉಸಿರು ತೆಗೆದುಕೊಳ್ಳದೆ ಬೈದಳು. ಹೊರಗಿನ ಮರದ ಕಾಗೆಗಳು ಸಂಸಾರ ಸಮೇತ ಬೇರೆ ಮರಕ್ಕೆ ಹೋದವು. ಮಾಲೀಕ ಕನ್ನಡಕ ಒರೆಸುತ್ತ, ಸಣ್ಣಗೆ ನಗುತ್ತ ಕೂತಿದ್ದ.

"ಮುಗೀತಾ ತಾಯಿ? ನೀರು ಕುಡಿ. ತಪ್ಪು ನನ್ನದೇ. ನಾನು ಹುಟ್ಟು ಕೋಪಿಷ್ಠ ಅಲ್ಲ. ಆದರೆ ಅದೇನೋ, ಈ ಕೆಲಸಕ್ಕೆ ಜನ ಬರೋ ದಿನಾನೇ ತಿಂಡಿ ತಿಂದ ಮೇಲೆ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಗುತ್ತೆ. ಹನ್ನೆರಡು ಜನರನ್ನ ಓಡಿಸಿದೀನಿ. ಈಗಿರೋನಿಗೆ ವಯಸ್ಸಾಯ್ತು, ಬಿಡಿಸಬೇಕು ಅಂದ್ರೆ ಬೇರೆಯವರೇ ಸಿಕ್ತಿಲ್ಲ. ಇಷ್ಟು ಗಂಟಲಿರೋಳು ಇನ್ನೂರು ಜನರನ್ನ ಸುಧಾರಿಸ್ತೀಯ ಬಿಡು. ಹೋಗು, ಅವನ ಹತ್ರ ಉಗ್ರಾಣದ ಬೀಗದ ಕೈ ಇಸ್ಕೋ."

ಅಡುಗೆಮನೆಯಲ್ಲಿ ಬೆಂಚಿನ ಅಜ್ಜ ಒಲೆಯ ಮುಂದಿದ್ದ. ತೋಳು ಮಡಚಿದ್ದ. ಮೊಣಕೈವರೆಗೂ ಎಣ್ಣೆ ಸಿಡಿದ ಕಲೆಗಳು. ಪಕ್ಕದಲ್ಲಿ ಮೆಣಸಿನ ಪುಡಿಯ ಡಬ್ಬಿ.

"ಥೂ! ಅಜ್ಜಾ ಅಂತ ಕರೆದೆನಲ್ಲ ನಿನ್ನ!" ಕೆಂಡಕ್ಕ ಸೌಟು ಎತ್ತಿಕೊಂಡಳು.

ಅವನು ಹೆದರಲಿಲ್ಲ. ಅವನಿಗೂ ಸಿಟ್ಟೇ ಬಂದಿತ್ತು. "ಹೊಡಿ! ಮೂವತ್ತು ವರ್ಷ ಈ ಒಲೆ ಮುಂದೆ ಬೆಂದಿದೀನಿ. ಒಂದು ಬೋರ್ಡು ಹಾಕಿ ಎದ್ದು ಹೋಗು ಅಂದ್ರೆ ಹೋಗ್ಬೇಕಾ? ನಿನ್ನ ಕಾಲ ಬಂದಾಗ ನೀನೇನು ಮಾಡ್ತೀಯೋ ನೋಡೋಣ!" ಬೀಗದ ಕೈಯನ್ನೂ ಆ ಡಬ್ಬಿಯನ್ನೂ ಅವಳ ಮುಂದೆ ಕುಕ್ಕಿ ಹೊರಟುಹೋದ.

ಅವಳು ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆದಳು. ಸಂಜೆ ಯಾರೂ ಇಲ್ಲದಾಗ ಹೆಕ್ಕಿ, ಒರೆಸಿ, ಮೇಲಿನ ಹಲಗೆಯ ಮೇಲಿಟ್ಟಳು.

ಇದೆಲ್ಲ ಆಗಿ ಇಪ್ಪತ್ತಾರು ವರ್ಷ. ಈಗ ಕಾರ್ಖಾನೆ ಮಾಲೀಕನ ಮಗನ ಕೈಯಲ್ಲಿದೆ. ಹೊಟ್ಟೆ ಮಾತ್ರ ಅಪ್ಪನದ್ದೇ. ಹೋದ ವಾರ ಅವನೂ ಗೇಟಿಗೆ ಒಂದು ಬೋರ್ಡು ಹಾಕಿದ. ನೀವು ಅದನ್ನು ಓದಿಕೊಂಡೇ ಬಂದವರು, ಗೊತ್ತು.

ಬೇಜಾರು ಮಾಡಿಕೊಳ್ಳಬೇಡಿ, ಈಗ ನಿಜ ಹೇಳಿ, ಒಳಗೆ ಎಷ್ಟು ಗಂಟೆಗೆ ಹೋಗಬೇಕು ಅಂತಿದ್ದೀರಿ? ಡಬ್ಬಿ ಯಾವಾಗ ಕೆಳಗಿಳಿಸಬೇಕು ಅಂತ ನನಗೆ ತಿಳಿಯಬೇಕಲ್ಲ.