ತಣ್ಣಗಿದ್ದ ತಪ್ಪಿಗೆ

ಬಾಗಿಲು ಬಡಿದ ಸದ್ದಿಗೆ ಟೈಪಿಸ್ಟ್ ಲ್ಯಾಪ್‌ಟಾಪನ್ನು ದಿಂಬಿನಡಿ ತುರುಕಿದಳು. ಅದರ ಹೊಟ್ಟೆಗೆ ಕಟ್ಟಿದ ಪುಟ್ಟ ಫ್ಯಾನ್ ಮಾತ್ರ ನಿಲ್ಲಲಿಲ್ಲ; ದಿಂಬಿನೊಳಗೆ ಸಿಕ್ಕಿಬಿದ್ದ ದುಂಬಿಯಂತೆ ಗುಂಯ್‌ಗುಟ್ಟಿತು.

"ಕಂಪನಿಯಿಂದ," ಎಂದ ಹೊಸಿಲಾಚೆ ನಿಂತವನು. "ನಿಗಾ ವಿಭಾಗ."

ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಭಾನುವಾರ ಕಂಪನಿಯವರು ಮನೆ ಬಾಗಿಲಿಗೆ ಬರುವುದುಂಟೆ? ಕೊರಳಲ್ಲಿ ಗುರುತಿನ ಚೀಟಿ ಇಲ್ಲ. ಹೆಗಲಲ್ಲಿ ದಪ್ಪ ಚೀಲ. ಯಂತ್ರ ಕಿತ್ತುಕೊಂಡು ಹೋಗಲಿಕ್ಕೇ ತಂದಿರಬೇಕು.

ಮನೆಯಲ್ಲೇ ಕೂತು, ಗಿರಾಕಿಗಳ ಫೋನ್ ಮಾತು ಕೇಳಿ ಟೈಪ್ ಮಾಡುವುದು ಅವಳ ಕೆಲಸ. ಲ್ಯಾಪ್‌ಟಾಪ್ ಕಂಪನಿಯದು, ತೊಡೆ ಅವಳದು. ಟೈಪಾದ ಪುಟಗಳನ್ನು ಓದುವ ಪುರುಸೊತ್ತು ಧಣಿಗಳಿಗೆಲ್ಲಿದೆ? ಅವರು ದೂರದಿಂದಲೇ ಯಂತ್ರದ ಬಿಸಿ ಅಳೆಯುತ್ತಿದ್ದರು. ಕಾದಿದ್ದರೆ ದುಡಿಮೆ, ತಣ್ಣಗಿದ್ದರೆ ಕಳ್ಳಾಟ. ಎದುರು ಮನೆಯ ಗೆಳತಿ ಯಂತ್ರಕ್ಕೆ ಕಂಬಳಿ ಹೊದಿಸಿ, ತಾನೂ ಹೊದ್ದು ಮಲಗಿ, 'ತಿಂಗಳ ಶ್ರಮಜೀವಿ' ಎನಿಸಿಕೊಂಡಿದ್ದಳು.

ಇವಳು ಮಾಡಿದ್ದು ತದ್ವಿರುದ್ಧ. ಕಂಪನಿಯ ಮೊಹರು ಒಡೆದು, ಹಿಂಬದಿಯ ಮುಚ್ಚಳಕ್ಕೆ ತೂತು ಕೊರೆದು, ಫ್ಯಾನ್ ಕೂರಿಸಿದಳು. ಯಂತ್ರ ತಣ್ಣಗಾಯಿತು. ಕೆಲಸ ಚುರುಕಾಯಿತು. ಬೆನ್ನಿಗೇ ನೋಟಿಸ್ ಬಂತು. ಇನ್ನೊಂದು ಬಂದರೆ ಕೆಲಸ ಹೋದಂತೆಯೇ. ಅತ್ತೆ ಮತ್ತು ತಾನು, ಎರಡು ಹೊಟ್ಟೆಗೂ ಅದೊಂದೇ ಆಸರೆ.

"ಒಳಗೆ ಕರೆಯೇ! ಬಾಗಿಲಲ್ಲೇ ನಿಲ್ಲಿಸಿ ಅದೇನು ಮಾತು?" ಅಡುಗೆಮನೆಯಿಂದ ಅತ್ತೆ ಗದರಿದರು.

ಬಂದವನು ಕೂತ. ಚೀಲವನ್ನು ತೊಡೆಯ ಮೇಲಿಡದೆ, ಹಸುಗೂಸನ್ನು ಮಲಗಿಸುವಂತೆ ನೆಲಕ್ಕಿಳಿಸಿದ. ಕೈಯಿಂದ ಸುಟ್ಟಗಾಯದ ಮುಲಾಮಿನ ವಾಸನೆ. ಸಾಹೇಬರು ಅತ್ತರು ಪೂಸಿಕೊಳ್ಳುವುದು ಕೇಳಿದ್ದಳು, ಮುಲಾಮು ಕೇಳಿರಲಿಲ್ಲ.

"ನಿಮ್ಮ ಯಂತ್ರ ನಲವತ್ತೈದು ಡಿಗ್ರಿ ದಾಟಲ್ಲ. ಬೇರೆಯವರದ್ದು ಎಂಬತ್ತು, ತೊಂಬತ್ತು. ಹೇಗೆ?"

"ಮನೆ ತಂಪು ಸಾರ್."

ಅವನು ತಗಡಿನ ಚಾವಣಿಯನ್ನೊಮ್ಮೆ ನೋಡಿದ. ಹಣೆಯ ಬೆವರು ಒರೆಸಿಕೊಂಡ. ದಿಂಬು ಗುಂಯ್ ಎಂದಿತು.

"ಸುಳ್ಳು ಯಾಕೆ ಹೇಳ್ತೀಯೇ?" ಅತ್ತೆ ಹೊರಗೆ ಬಂದೇಬಿಟ್ಟರು. "ನನ್ನ ಹಿಟ್ಟಿನ ಜರಡಿ ಕತ್ತರಿಸಿ ಆ ಯಂತ್ರಕ್ಕೆ ಜಾಲರಿ ಅಂಗಿ ತೊಡಿಸಿದ್ದಾಳೆ ಕಣಪ್ಪಾ. ನಮಗೆ ಹುಳದ ಹಿಟ್ಟು, ಅದಕ್ಕೆ ತಂಗಾಳಿ!"

ಇನ್ನು ಮುಚ್ಚಿಡುವುದೇನು? ದಿಂಬು ಸರಿಸಿದಳು. ಅವನು ಮೊದಲು ಪರದೆಯ ಮೇಲಿನ ಕ್ಯಾಮೆರಾ ಮುಚ್ಚುವಂತೆ ಹೆಬ್ಬೆರಳು ಒತ್ತಿದ. ಆಮೇಲೆ ಯಂತ್ರವನ್ನು ಮಗುಚಿದ. ಒಡೆದ ಮೊಹರನ್ನು ಕಂಡೂ ಕಾಣದಂತೆ ದಾಟಿ, ತೂತುಗಳನ್ನು ಬೆರಳಿಂದ ಅಳೆದ.

"ಯಾವುದರಲ್ಲಿ ಕೊರೆದಿರಿ?"

"ಕಾದ ಮೊಳೆಯಲ್ಲಿ."

"ಒಳಗಿನ ತಗಡು?"

"ತಾಮ್ರದ್ದು. ಹಳೇ ಪಾತ್ರೆ ಬಡಿದದ್ದು."

"ಫ್ಯಾನು?"

"ಗುಜರಿಯಲ್ಲಿ ಸಿಕ್ತು."

"ಕೆಳಗೆ ಬಾಟಲಿ ಮುಚ್ಚಳ ಯಾಕೆ?"

"ಎತ್ತರ ಇದ್ರೆ ಗಾಳಿ ನುಗ್ಗುತ್ತೆ ಸಾರ್."

ಹೇಳುತ್ತ ಹೇಳುತ್ತಲೇ ಅವಳಿಗೆ ಹೊಳೆಯಿತು. ನನ್ನ ಬಾಯಿಂದಲೇ ತಪ್ಪೊಪ್ಪಿಗೆ ಹೊರಡಿಸುತ್ತಿದ್ದಾನೆ. ಕಟುಕನೂ ಮೊದಲು ಕುರಿಯ ಬೆನ್ನು ಸವರುತ್ತಾನೆ.

"ಕೆಲಸ ಕದ್ದಿದ್ರೆ ಬೇರೆ ಮಾತು!" ಅವಳ ತಾಳ್ಮೆಯ ಕಟ್ಟೆಯೊಡೆಯಿತು. "ಪುಟ ಎಣಿಸಿ ನೋಡಿ ಸಾರ್. ತೊಡೆ ಬೆಂದು ಬೊಬ್ಬೆ ಎದ್ದಿತ್ತು, ಗೊತ್ತಾ? ಮೈ ಸುಟ್ಕೊಂಡ್ರೇನೇ ದುಡಿಮೆ ಅನ್ನೋದಾದ್ರೆ, ಹೋಗಿ ಒಲೆಗೆ ಸಂಬಳ ಕೊಡಿ!"

ಬೊಬ್ಬೆ ಎಂದಾಗ ಅವನು ಯಂತ್ರವನ್ನು ಮೆಲ್ಲಗೆ ಕೆಳಗಿಟ್ಟ.

"ನೋಟಿಸ್ ಬರೆದ ಆ ಕಟುಕನ ಕೈಗೆ ಲಕ್ವ ಹೊಡೀಲಿ!" ಅತ್ತೆ ಧ್ವನಿಗೂಡಿಸಿದರು.

"ನಮ್ಮನೇಲೂ ದಿನಾ ಇದೇ ಶಾಪ ಅಮ್ಮಾ," ಎಂದು ಅವನು ಒಣನಗೆ ನಕ್ಕ.

ಬಣ್ಣದ ಮಾತು! ಅವಳು ಇನ್ನಷ್ಟು ಬಿಗಿಯಾದಳು. ಅವನು ಎದ್ದು ಬಾಗಿಲು ಮುಚ್ಚಿ ಅಗುಳಿ ಹಾಕಿದ. ಬಗ್ಗಿ ಚೀಲದ ಜಿಪ್ ಎಳೆದ. ಅವಳು ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡಳು.

"ಕೊಡಲ್ಲ. ಏನ್ ಬೇಕಾದ್ರೂ ಮಾಡ್ಕೊಳ್ಳಿ."

ಚೀಲ ಖಾಲಿಯಿರಲಿಲ್ಲ. ಹಳೆಯ ಬಟ್ಟೆಯಲ್ಲಿ ಸುತ್ತಿದ ಇನ್ನೊಂದು ಲ್ಯಾಪ್‌ಟಾಪ್ ಹೊರಬಂತು. ಅದೇ ಕಂಪನಿಯದು. ಮೊಹರು ಮುಕ್ಕಾಗಿರಲಿಲ್ಲ.

"ನನ್ನ ಹೆಂಡತೀದು," ಎಂದ. "ನಿಮ್ಮ ಹಾಗೇ ಟೈಪಿಂಗು. ರಾತ್ರಿ ತೊಡೆಗೆ ಮುಲಾಮು ಹಚ್ತೀನಿ. ಬೆಳಗ್ಗೆ ಎದ್ದು ಅದನ್ನೇ ಮತ್ತೆ ಹೊತ್ಕೊಂಡು ಕೂರ್ತಾಳೆ. ಇದಕ್ಕೂ ತೂತು ಕೊರೆದುಕೊಡಿ ಅಕ್ಕಾ."

ಅಕ್ಕ! ಅವಳ ಕೈಹಿಡಿತ ಸಡಿಲಾಯಿತು, ಗುಮಾನಿ ಸಡಿಲಾಗಲಿಲ್ಲ. "ತಣ್ಣಗಾದ್ರೆ ಅವರಿಗೂ ನೋಟಿಸ್ ಬರುತ್ತಲ್ಲ?"

"ಅವಳೂ ಅದನ್ನೇ ಕೇಳ್ತಾಳೆ, ಆ ಕಟುಕ ಬಿಡ್ತಾನಾ ಅಂತ." ಅವನು ತಲೆಯೆತ್ತಲಿಲ್ಲ. "ಬಿಡ್ತಾನೆ. ಇನ್ಮುಂದೆ ನಿಮ್ಮನ್ನೂ ಬಿಡ್ತಾನೆ."

ಅತ್ತೆ ಹುಬ್ಬೇರಿಸಿದರು. "ನಿನಗೆ ಹೇಗಪ್ಪಾ ಗೊತ್ತು?"

"ಆ ಕಟುಕ ನಾನೇ ಅಮ್ಮಾ. ಅವಳಿಗಿನ್ನೂ ಗೊತ್ತಿಲ್ಲ."