ನೂಲದ ಯಲಗೂರಪ್ಪ, ಎಲ್ಲಿದ್ದರೂ ಬರಬೇಕು

“ನಮ್ಮ ಮನುಷ್ಯಾ ಒಬ್ಬ ಕಳದಾನ್ರಿ. ಜರಾ ಕರೀತೀರೇನು?”

ತಮ್ಮಣ್ಣ ತಲೆ ಎತ್ತಲಿಲ್ಲ. ಕೊಲ್ಲಾಪುರದ ಪ್ರದರ್ಶನದ ಮೈದಾನದಲ್ಲಿ ಆ ಹೊತ್ತಿಗೆ ಕಳೆದುಹೋಗದವರೇ ಕಡಿಮೆ. ನಾಲ್ಕು ಗಂಟೆಯವರೆಗೂ ಸುಡುತ್ತಿದ್ದ ಮೇ ತಿಂಗಳ ಆಕಾಶ ಒಮ್ಮೆಲೇ ಕಪ್ಪಿಟ್ಟು, ಧೂಳೆದ್ದು, ಆಲಿಕಲ್ಲು ಸಮೇತ ಅಡ್ಡಮಳೆ ಬಂದೆರಗಿತ್ತು. ದೊಡ್ಡ ತೊಟ್ಟಿಲು ತಿರುಗುವುದನ್ನು ನಿಲ್ಲಿಸಿತ್ತು. ಜನ ನಗೆಗನ್ನಡಿಯ ಡೇರೆಗೆ, ಮರದ ಕುದುರೆಗಳ ಚಪ್ಪರಕ್ಕೆ, ಸಿಕ್ಕಸಿಕ್ಕಲ್ಲಿ ನುಗ್ಗಿದ್ದರು. ರಜೆಯೆಂದು ನಗುನಗುತ್ತ ಬಂದ ಸಂಸಾರಗಳು ದಿಕ್ಕಿಗೊಬ್ಬರಾಗಿದ್ದವು. ಅವರನ್ನು ಮತ್ತೆ ಕೂಡಿಸುವುದು ತಮ್ಮಣ್ಣನ ಕೆಲಸ. ಅದಕ್ಕೆಂದು ಒಂದು ತಗಡಿನ ಕೋಣೆ, ಒಂದು ಮೈಕು, ಹೊರಗೆ ಕಬ್ಬಿಣದ ಕಂಬದ ತುದಿಗೆ ಕೂಗು ಬಿತ್ತರಿಸುವ ಒಂದು ಭೋಂಗಾ.

ಸುತ್ತಲಿನ ಮರಾಠಿ ಗದ್ದಲದಲ್ಲಿ ಬಂದವನ ಮಾತು ಕನ್ನಡವೆಂದು ಆಮೇಲೆ ಹೊಳೆಯಿತು. ಗಡಹಿಂಗ್ಲಜ ಬಿಟ್ಟು ಏಳು ವರ್ಷದಿಂದ ಪ್ರದರ್ಶನದ ಬೆನ್ನಿಗೆ ತಿರುಗುತ್ತಿದ್ದ ತಮ್ಮಣ್ಣ ಆಗ ನೋಡಿದ. ನಲವತ್ತರ ಆಸುಪಾಸಿನ ಮನುಷ್ಯ. ತಲೆಯ ಮೇಲೆ ಗೋಣಿಚೀಲ, ತೊಯ್ದು ತೊಪ್ಪೆಯಾದ ಅಂಗಿ.

“ಹೆಸರೇನು ಅವರದು?”

“ಯಲಗೂರಪ್ಪ. ನೂಲ ಊರಾಂವ. ಕನ್ನಡದಾಗ ಕರೀರಿ.”

“ನಿಮ್ಮ ಅಣ್ಣೇನು?”

“ಭಾಳ ಹತ್ತರದಾಂವ ರೀ.”

“ಗುರುತು?”

ಮನುಷ್ಯ ಯೋಚಿಸಿದ. “ಗುರುತು ಹಿಡಿಯೂವಂಥಾದ್ದು ಏನೂ ಇಲ್ರಿ. ಇಚಲಕರಂಜಿಯೊಳಗ ಮಗ್ಗಾ ನಡಸ್ತಾನ. ಅಲ್ಲೆ ಎಲ್ಲಾರೂ ಮಗ್ಗದ ನಂಬರ ಹಿಡದು ಹದಿನಾರ ನಂಬರ, ಹದಿನಾರ ನಂಬರ ಅಂತಾರ. ಹೆಸರು ಹಿಡದು ಕರದ್ರ ತಿರುಗಿ ನೋಡ್ಯಾನು.”

“ಯಾರು ಕಾಯಾಕತ್ತಾರ ಅಂತ ಹೇಳ್ಲಿ?”

“‘ನಿಮ್ಮ ಮಂದಿ’ ಅನ್ರಿ. ಅಷ್ಟ ಸಾಕು.”

ತಮ್ಮಣ್ಣ ಮೈಕು ಹಿಡಿದ. “ನೂಲದ ಯಲಗೂರಪ್ಪನವರು ಎಲ್ಲಿದ್ದರೂ ಭೋಂಗಾದ ಕೋಣೆಗೆ ಬರಬೇಕು. ನಿಮ್ಮ ಮಂದಿ ನಿಮ್ಮ ಸಲುವಾಗಿ ಕಾಯಾಕತ್ತಾರ.”

ಯಾರೂ ಬರಲಿಲ್ಲ. ಮನುಷ್ಯ ಮೂಲೆಯ ಪೆಟ್ಟಿಗೆಯ ಮೇಲೆ ಕುಳಿತ.

ಮಿಕ್ಕವರು ಬಂದರು, ಸಿಕ್ಕರು, ಹೋದರು. ಬಿದ್ರಿಯ ಹೀರಾಬಾಯಿ ಎಂಬಾಕೆ ಮಗಳನ್ನು ಕಂಡೊಡನೆ ಕಪಾಳಕ್ಕೊಂದು ಕೊಟ್ಟು, ಮರುಗಳಿಗೆಯೇ ಅವಚಿಕೊಂಡು ಅತ್ತಳು. ಹಾಗೆ ಕಾಯುವವರ ಕಣ್ಣು ಯಾವಾಗಲೂ ಬಾಗಿಲ ಮೇಲಿರುತ್ತದೆಂಬುದು ತಮ್ಮಣ್ಣನಿಗೆ ಗೊತ್ತು. ಈ ಮನುಷ್ಯ ಮಾತ್ರ ಬಾಗಿಲತ್ತ ಹೊರಳಿಯೂ ನೋಡಲಿಲ್ಲ. ಎರಡನೇ ಸಲ ಕರೆದಾಗ ಕಣ್ಣು ಮುಚ್ಚಿ ಕೇಳಿಸಿಕೊಂಡ. ಅಷ್ಟೇ.

“ನೀವರೆ ಒಂದು ಸುತ್ತು ಹುಡಿಕ್ಯಾಡ್ರೆಲಾ?”

“ನಾ ಹ್ವಾದ್ರ, ಅಂವ ಬಂದಾಗ ಇಲ್ಲೆ ಯಾರೂ ಇರೂದಿಲ್ಲಲ್ರಿ.”

ತಮ್ಮಣ್ಣನ ಮನಸ್ಸಿಗೆ ಮುಳ್ಳು ಚುಚ್ಚಿತು. ಬುದ್ಧಿ ಸರಿಯಿಲ್ಲದವರನ್ನು, ಬೇಡವಾದವರನ್ನು ಗದ್ದಲದಲ್ಲಿ ಬಿಟ್ಟುಹೋಗುವವರನ್ನು ಅವನು ಕಂಡಿದ್ದ. ನಾಲ್ಕು ಜನರೆದುರು ಹುಡುಕಿದಂತೆ ಮಾಡಿ, ಮೆಲ್ಲಗೆ ಬಸ್ಸು ಹತ್ತಿಬಿಡುತ್ತಾರೆ.

ಆಗಲೇ ಮಿಂಚು ಕೋಣೆಯನ್ನೆಲ್ಲ ಬೆಳ್ಳಗೆ ಮಾಡಿತು. ಎದೆ ಒಡೆಯುವಂಥ ಸಿಡಿಲು. ಮೈದಾನದಂಚಿನ ಬೇವಿನ ಮರ ಸೀಳಿತು. ವ್ಯವಸ್ಥಾಪಕ ಭಾವುಸಾಹೇಬ ತೊಯ್ಯುತ್ತಲೇ ಓಡಿಬಂದ. “ತಮ್ಮಣ್ಣಾ, ಬಂದ್ ಕರ! ಕಂಬಕ್ಕ ಬಡದ್ರ ಸಾಯ್ತಿ!”

ಪೆಟ್ಟಿಗೆಯ ಮೇಲಿದ್ದ ಮನುಷ್ಯ ಗಡಗಡ ನಡುಗುತ್ತಿದ್ದ. “ಇನ್ನೊಮ್ಮೆ ಕರೀರಿ. ಅವಂಗ ಸಿಡ್ಲಂದ್ರ ಜೀವಾ ಹೋಗತೈತಿ. ನೂಲದಾಗ ಕುರಿ ಕಾಯೂ ಮುಂದ ಸಿಡ್ಲ ಹೊಡದು, ಒಡಹುಟ್ಟಿದ ತಮ್ಮ, ಹನ್ನೊಂದ ಕುರಿ ಅವನ ಕಣ್ಣಮುಂದ ಹ್ವಾದುವ್ರಿ. ಆಮ್ಯಾಲ ಊರು ಬಿಟ್ಟಾಂವ ತಿರುಗಿ ಹೋಗಿಲ್ಲ. ಗುಡುಗಿನಾಗ ಒಬ್ಬನ ಇರಾಕ ಆಗೂದಿಲ್ಲ ಅವಂಗ.”

ಭಾವುಸಾಹೇಬ ಬೈಯುತ್ತಲೇ ಇದ್ದ. ತಮ್ಮಣ್ಣ ಮೈಕು ಬಿಡಲಿಲ್ಲ. ಸಿಡಿಲಿನ ನಡುವೆಯೇ ಮೂರನೇ ಸಲ ಕರೆದ, ನಾಲ್ಕನೇ ಸಲ ಕರೆದ. ಭೋಂಗಾದ ದನಿ ಆಲಿಕಲ್ಲಿನ ಸದ್ದನ್ನು ಸೀಳಿಕೊಂಡು ಮೈದಾನದ ಮೇಲೆ ಹಾಯಿತು. ಕರೆ ಮುಗಿಯುವ ಹೊತ್ತಿಗೆ ಮನುಷ್ಯನ ನಡುಕ ನಿಂತಿತ್ತು. ಯಲಗೂರಪ್ಪ ಮಾತ್ರ ಬರಲಿಲ್ಲ.

ಅರ್ಧ ತಾಸಿನಲ್ಲಿ ಮಳೆ ತೆರಪಾಯಿತು. ಮೋಡದ ಸಂದಿಯಿಂದ ಹಳದಿ ಬಿಸಿಲು ಬಿದ್ದು, ಕೆಸರೆಲ್ಲ ಹೊಳೆಯಿತು. ಜನ ಸಿಕ್ಕವರ ಕೈ ಹಿಡಿದುಕೊಂಡು ಬಸ್ ನಿಲ್ದಾಣದ ಹಾದಿ ಹಿಡಿದರು. ಮನುಷ್ಯನೂ ಎದ್ದ. ಗೋಣಿಚೀಲ ಮಡಚಿ ಪೆಟ್ಟಿಗೆಯ ಮೇಲಿಟ್ಟ.

“ಭಾಳ ಉಪಕಾರ ಆತ್ರಿ. ಇನ್ನ ಬರ್ತೇನಿ.”

ತಮ್ಮಣ್ಣನ ರಕ್ತ ಕುದಿಯಿತು. “ಅವನ್ನ ಬಿಟ್ಟು ಹೊಂಟೀರೇನು?”

“ಬಿಟ್ಟೇನಂದ್ರ ಬಿಡಾಕ ಬರತೈತೇನ್ರಿ?” ಮನುಷ್ಯ ಸೋತ ನಗೆ ನಕ್ಕ. “ಮಳಿ ನಿಂತೈತಿ. ಇನ್ನ ಅಂವ ಒಬ್ಬನ ಹೋಗತಾನ.”

ಅವನು ಕೆಸರು ತುಳಿಯುತ್ತ ನಡೆದ. ಹಿಂದಿರುಗಿ ನೋಡಲಿಲ್ಲ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಎಂಥ ಕಟುಕ! ತಮ್ಮಣ್ಣ ಖಾಲಿಯಾಗುತ್ತಿದ್ದ ಮೈದಾನವನ್ನು ದಿಟ್ಟಿಸಿದ. ಯಾವ ಡೇರೆಯ ಹಿಂದೆ ಮುದುಡಿ ಕುಳಿತಿದ್ದಾನೋ ಆ ಬಡಪಾಯಿ? ಬಂದರೆ ಎಲ್ಲಿಗೆ ಹೋದಾನು? ತಾನು ಮಲಗುವ ಈ ತಗಡಿನ ಕೋಣೆಯಲ್ಲಿ ಇನ್ನೊಂದು ಚಾಪೆಗೆ ಜಾಗವಿತ್ತು. ಏಳು ವರ್ಷದಲ್ಲಿ ಯಾವ ಊರಲ್ಲೂ ಅವನ ಪಕ್ಕ ಇನ್ನೊಬ್ಬರು ಮಲಗಿದ್ದಿಲ್ಲ.

ಭಾವುಸಾಹೇಬ ಬಟನ್ ಆರಿಸಲು ಕೈ ಚಾಚಿದ. ತಮ್ಮಣ್ಣ ಆ ಕೈ ತಡೆದು, ಕೊನೆಯ ಸಲ ಮೈಕಿಗೆ ಬಾಯಿಟ್ಟ. ಈ ಸಲ ‘ನಿಮ್ಮ ಮಂದಿ’ ಎನ್ನಲು ಬಾಯಿ ಬರಲಿಲ್ಲ.

“ನೂಲದ ಯಲಗೂರಪ್ಪಾ... ಎಲ್ಲೆ ಇದ್ದರೂ ಬಾರಪ್ಪಾ. ನಿನ್ನ ಸಲುವಾಗಿ ನಾ ಕಾಯಾಕತ್ತೇನಿ.”

ಆಚೆ, ಗೇಟು ದಾಟುತ್ತಿದ್ದ ಆ ಮನುಷ್ಯ ತನ್ನ ಹೆಸರು ಕೇಳಿ ಗಕ್ಕನೆ ನಿಂತ, ಹಿಂದಿರುಗಿ, ಎರಡೂ ಕೈ ಮೇಲೆತ್ತಿ, ಮೈದಾನಕ್ಕೆಲ್ಲ ಕೇಳುವಂತೆ “ಓ!” ಎಂದು ಓಗೊಟ್ಟ.